ಟ್ರಾನ್ಸಿಸ್ಟರಿಗೆ ಹಚ್ಚಿದ ಅರಿಶಿನ

ನನ್ನ ಎಂಟು ತಿಂಗಳ ಸಂಶೋಧನೆಗೆ ನಮ್ಮವ್ವ ಅರಿಶಿನ ಹಚ್ಚಿದಳು.

ಇದು ಅಲಂಕಾರದ ಮಾತಲ್ಲ. ಖರೇನೇ ಹಚ್ಚಿದಳು. ಅಡುಗೆಮನೆಯ ಡಬ್ಬಿಯಿಂದ ಅರಿಶಿನ ತೆಗೆದು, ಬಟ್ಟಲಲ್ಲಿ ಕಲಸಿ, ಉಂಗುರ ಬೆರಳಿನಿಂದ ಒಂದು ಬೊಟ್ಟು. ಎರಡು ಬೆರಳಗಲದ ಸಿಲಿಕಾನ್ ಚೂರಿನ ಮೂಲೆಗೆ.

‘ಅದಕ್ಕೇನಾಯಿತು, ಒರೆಸಿದರೆ ಹೋಗುತ್ತದೆ’ ಎನ್ನುತ್ತೀರಿ. ಅರಿಶಿನ ಎಲ್ಲಿಂದಲಾದರೂ ಹೋಗಿದ್ದನ್ನು ನೀವು ನೋಡಿದ್ದೀರಾ?

ವಾರವಾರ ಈ ಅಂಕಣ ಓದುವವರಿಗೆ ನಾನು ಪಿಎಚ್.ಡಿ. ಮಾಡುತ್ತಿರುವುದು ಗೊತ್ತು. ಯಾವುದರಲ್ಲಿ ಎನ್ನುವುದು ಗೊತ್ತಿಲ್ಲ. ಪರವಾಗಿಲ್ಲ, ನಮ್ಮ ಮನೆಯವರಿಗೂ ಗೊತ್ತಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ಮೊಬೈಲ್ ರಿಪೇರಿ ಕಲಿಯಲು ಹೋದವಳು. ಆರು ವರ್ಷವಾಯಿತು. ‘ಇನ್ನೂ ಕಲತಿಲ್ಲೇನ ಪಾಪ’ ಎಂದು ಎದುರುಮನೆಯವರು ಅವ್ವನನ್ನು ಕೇಳುತ್ತಾರೆ. ಅವ್ವ ‘ದೊಡ್ಡ ಮೊಬೈಲ್ ಇರಬೇಕು’ ಎನ್ನುತ್ತಾಳೆ.

ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೇ ಮೊದಲು. ಅಪ್ಪ ಮಗ್ಗ ನೇಯುತ್ತಾನೆ, ಅವ್ವ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾಳೆ. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ಮಗ್ಗದ ಎದುರಿನ ಗೋಡೆಗೆ ಹೊಡೆದಿದ್ದಾನೆ. ಅಲ್ಲಿದ್ದ ದೇವರ ಪಟ ಒಂದು ಮೊಳ ಪಕ್ಕಕ್ಕೆ ಸರಿದಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದೇವರಿಗೂ ಇದ್ದಂತಿಲ್ಲ.

ನಾನು ಮಾಡುವುದು ಇಷ್ಟೇ. ಒಂದು ಸಲಕ್ಕೆ ಒಂದೇ ಇಲೆಕ್ಟ್ರಾನ್ ಬಿಡುವ ಟ್ರಾನ್ಸಿಸ್ಟರು. ನಿಮ್ಮ ಕಿಸೆಯ ಫೋನಿನಲ್ಲಿ ಇಲೆಕ್ಟ್ರಾನುಗಳು ಹಿಂಡುಹಿಂಡಾಗಿ ಹೋಗುತ್ತವೆ. ನನ್ನದರಲ್ಲಿ ಹಾಗಿಲ್ಲ. ಒಂದು ಒಳಗೆ ಬಂದು ಕುಳಿತರೆ ಅದು ಇಳಿಯುವ ತನಕ ಇನ್ನೊಂದು ಹತ್ತುವಂತಿಲ್ಲ. ಗದಗದಲ್ಲಿ ಮುಂಡರಗಿ ಬಸ್ಸು ಹತ್ತಿ ರೂಢಿಯಿದ್ದವರಿಗೆ ಇಂಥದೊಂದು ಶಿಸ್ತು ಜಗತ್ತಿನಲ್ಲಿ ಇದೆಯೆಂದರೆ ನಂಬಿಕೆ ಬರುವುದಿಲ್ಲ. ನನಗೂ ಮೊದಲು ಬಂದಿರಲಿಲ್ಲ.

ಇನ್ನೂ ಒಂದು ಮಾತು. ಈ ಇಲೆಕ್ಟ್ರಾನು ಒಳಗೆ ಬರುವುದು ಬಾಗಿಲಿನಿಂದಲ್ಲ. ಬಾಗಿಲೇ ಇಲ್ಲ. ಗೋಡೆ ಇದೆ. ಗೋಡೆಯ ಈ ಕಡೆ ಇದ್ದದ್ದು ಆ ಕಡೆ ಇರುತ್ತದೆ. ಇದಕ್ಕೆ ಕ್ವಾಂಟಮ್ ಟನಲಿಂಗ್ ಎನ್ನುತ್ತಾರೆ. ಎಂ.ಎಸ್ಸಿ. ಕ್ಲಾಸಿನಲ್ಲಿ ಜಾಣ ಹುಡುಗರೆಲ್ಲ ಇದು ತಿಳಿಯದೆ ಒದ್ದಾಡಿದರು. ನನಗೆ ತಟ್ಟನೆ ತಿಳಿಯಿತು. ಮದುವೆಯ ಸೀಜನ್ನಿನಲ್ಲಿ ಲಕ್ಷ್ಮೇಶ್ವರ ಬಸ್ಸಿನ ಕಿಟಕಿಯಿಂದ ನಮ್ಮ ಸೋದರತ್ತೆ ಒಳಗೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡವಳು. ಆ ಕಿಟಕಿಯ ಅಳತೆ, ಅತ್ತೆಯ ಅಳತೆ ಎರಡನ್ನೂ ಬಲ್ಲ ಯಾರಿಗೂ ಕ್ವಾಂಟಮ್ ಫಿಸಿಕ್ಸ್ ಕಷ್ಟವಾಗಲಾರದು.

ಇಂಥ ಹದಿನಾರು ಟ್ರಾನ್ಸಿಸ್ಟರುಗಳು ಒಂದು ಸಿಲಿಕಾನ್ ಚೂರಿನ ಮೇಲೆ. ನೋಡಲು ಒಡೆದ ಕನ್ನಡಿಯ ತುಂಡು. ಮಾಡಲು ಎಂಟು ತಿಂಗಳು ಹಿಡಿಯಿತು. ಅದಕ್ಕೂ ಮೊದಲು ಮಾಡಿದ ಮೂರು ಚೂರುಗಳು ಕೆಟ್ಟವು. ಒಂದು ಕರೆಂಟ್ ಹೋಗಿ, ಒಂದು ಕರೆಂಟ್ ಬಂದು, ಒಂದು ನನ್ನ ಸೀನಿನಿಂದ.

ಇವನ್ನು ಪರೀಕ್ಷಿಸಲು ವಿಪರೀತ ಚಳಿ ಬೇಕು. ಇಲೆಕ್ಟ್ರಾನು ಬಿಸಿಯಲ್ಲಿ ಒಂದು ಕಡೆ ಕೂಡುವುದಿಲ್ಲ. (ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಮನುಷ್ಯರೂ ಕೂಡುವುದಿಲ್ಲ.) ಅಂಥ ಚಳಿಯಂತ್ರ ನಮ್ಮ ವಿಶ್ವವಿದ್ಯಾಲಯದಲ್ಲಿ ಇಲ್ಲ. ಬೆಂಗಳೂರಿನ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿದೆ. ಅಲ್ಲಿಗೆ ಅರ್ಜಿ ಹಾಕಿ, ಐದು ತಿಂಗಳು ಕಾದು, ಎರಡು ದಿನದ ಸ್ಲಾಟ್ ಸಿಕ್ಕಿತ್ತು. ನನ್ನ ಪಿಎಚ್.ಡಿ.ಯ ಅವಧಿಯಲ್ಲಿ ಉಳಿದಿದ್ದು ಮೂರೇ ತಿಂಗಳು. ಈ ಸ್ಲಾಟ್ ತಪ್ಪಿದರೆ ಇನ್ನೊಂದು ಸಿಗುವುದರೊಳಗೆ ನಾನು ವಿದ್ಯಾರ್ಥಿನಿ ಆಗಿರುವುದಿಲ್ಲ, ಡಾಕ್ಟರೂ ಆಗಿರುವುದಿಲ್ಲ. ಮೊಬೈಲ್ ರಿಪೇರಿಯಂತೂ ಬರುವುದೇ ಇಲ್ಲ.

ನಮ್ಮ ಗೈಡ್ ಮುಂಡರಗಿ ತಾಲೂಕಿನವರು. ಸಮಾಧಾನ ಇದ್ದಾಗ ಇಂಗ್ಲಿಷ್. ಜೀವಕ್ಕೆ ಹತ್ತಿದ ವಿಷಯವಾದರೆ ತುಂಗಭದ್ರಾ ದಂಡೆಯ ಕನ್ನಡ. ನಾನು ಹೊರಡುವ ದಿನ ಪೂರ್ತಿ ಕನ್ನಡದಲ್ಲೇ ಮಾತಾಡಿದರು.

“ಚೂರಿನ ಡಬ್ಬಿ ಎಲ್ಲೂ ತೆರೀಬ್ಯಾಡ.”

“ಆತ್ರಿ ಸರ್.”

“ಬಸ್ಸಿನ್ಯಾಗ ಮ್ಯಾಲಿನ ಸಾಮಾನಿನ ಕಟ್ಟಿ ಮ್ಯಾಲ ಇಡಬ್ಯಾಡ. ತೊಡಿ ಮ್ಯಾಲ ಇಟಗೋ. ಕೂಸ ಇದ್ದಂಗ ಅದು.”

“ಆತ್ರಿ ಸರ್.”

“ಕೂಸಾದ್ರ ನೋವಾದ್ರ ಅಳತೈತಿ. ಇದು ಅಳಂಗೂ ಇಲ್ಲ. ತಿಳಿತಿಲ್ಲೋ?”

ತಿಳಿಯಿತು. ಮಧ್ಯಾಹ್ನಕ್ಕೆ ಮುಂಚೆ ಗದಗಿಗೆ ಬಂದು ಇಳಿದೆ. ಬೆಂಗಳೂರಿನ ರೈಲು ಸಂಜೆಗೆ. ನಡುವೆ ಬೆಟಗೇರಿಯ ಮನೆಗೆ ಹೋಗಿ ಉಂಡು ಬರಲು ವೇಳೆ ಧಾರಾಳ ಇತ್ತು. ಎಲ್ಲ ಅನಾಹುತಗಳೂ ಈ ಧಾರಾಳದಲ್ಲೇ ಆಗುವುದು.

“ಏನ ಬೇ ಅದು, ಎದಿಗೆ ಅವಚಿಕೊಂಡ ಬಂದಿ?” ಬಾಗಿಲಲ್ಲೇ ಅವ್ವ ಕೇಳಿದಳು.

“ನಾ ಮಾಡಿದ್ದವ್ವಾ. ತೋರಸ್ತೀನಿ ಬಾ. ಮುಟ್ಟಬ್ಯಾಡ ಮತ್ತ.”

ಗೈಡ್ ಹೇಳಿದ್ದು ನೆನಪಿತ್ತು. ಆದರೂ ತೆರೆದೆ. ಯಾಕೆಂದರೆ ಅಪ್ಪ ಮಗ್ಗದಿಂದ ಸೀರೆ ಇಳಿಸಿ ಅಂಗಳದಲ್ಲಿ ಹಿಡಿದು ತೋರಿಸುತ್ತಾನೆ, ಓಣಿ ನೋಡುತ್ತದೆ. ಆರು ವರ್ಷದಲ್ಲಿ ಹಿಡಿದು ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಾರ್ಕ್ಸ್ ಕಾರ್ಡ್ ತೋರಿಸಬಹುದು. ಅದು ಬೇರೆಯವರು ಕೊಟ್ಟಿದ್ದು. ಇದು ನಾನು ಮಾಡಿದ್ದು.

ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಡಬ್ಬಿಯೊಳಗೆ ಇಣುಕಿದ.

“ಇಷ್ಟೇನಾ?”

“ಎಂಟ ತಿಂಗಳ ಕೆಲಸ ಅಪ್ಪಾ ಅದು.”

“ಎಂಟ ತಿಂಗಳಿಗೆ ಇಷ್ಟೇನಾ?” ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. “ಆತು ಬಿಡು. ನಿನ್ನ ಕೈ ಮೊದಲಿಂದಾನೂ ಸಾವಕಾಶ.”

ನನಗೆ ರೋಷ ಬಂತು. ಅಲ್ಲಿ ನಾನು ಮಾಡಬಾರದ ತಪ್ಪು ಮಾಡಿದೆ. ಅವರಿಗೆ ತಿಳಿಯುವ ಹಾಗೆ ಹೇಳಿದೆ.

“ಇದೂ ನೇಯ್ಗೀನ ಅಪ್ಪಾ. ಇದರಾಗೂ ಉದ್ದಕ್ಕ ಎಳಿ ಅದಾವ, ಅಡ್ಡಕ್ಕ ಎಳಿ ಅದಾವ. ನಿನಗ ಕಣ್ಣಿಗೆ ಕಾಣಂಗಿಲ್ಲ ಅಷ್ಟ. ನಿನ್ನ ಮಗ್ಗದಿಂದ ಸೀರಿ ಇಳದಂಗ, ಇದು ನನ್ನ ಮಗ್ಗದಿಂದ ಇಳದೈತಿ. ನಾಳಿ ಬೆಂಗಳೂರಾಗ ಇದರ ಪರೀಕ್ಷಾ. ಪಾಸ್ ಆತಂದ್ರ ನಾ ಡಾಕ್ಟರ್.”

ಅಪ್ಪ ಈಗ ಬಾಗಿ ಇನ್ನೊಮ್ಮೆ ನೋಡಿದ. ಅವ್ವನ ಮುಖ ಬದಲಾಯಿತು. ನಾನು ಅದನ್ನು ಹೆಮ್ಮೆ ಎಂದುಕೊಂಡೆ. ಅದು ಕೆಲಸ ನೆನಪಾದವರ ಮುಖ.

ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕಬಾರದು. ಇದು ನಿಮ್ಮ ಮನೆಯಲ್ಲೂ ಇದ್ದೀತು. ಒಳಗಿನ ಮೂಲೆಗೆ, ಕಾಣದ ಹಾಗೆ, ಒಂದು ಬೊಟ್ಟು. ನೇಕಾರರಾದ ನಮ್ಮ ಮನೆಯಲ್ಲಿ ಅದು ಒಂದು ಹೆಜ್ಜೆ ಮುಂದೆ. ಮಗ್ಗದಿಂದ ಇಳಿದ ಸೀರೆ ಹೊಸ್ತಿಲು ದಾಟುವ ಮೊದಲೇ ಅವ್ವ ಬೊಟ್ಟು ಇಟ್ಟಿರುತ್ತಾಳೆ. ‘ಹೊರಗ ಹೋಗೂ ಸರಕು, ಯಾರ್ಯಾರ ಕಣ್ಣ ಬೀಳತಾವೋ’ ಎನ್ನುವುದು ಅವಳ ವಾದ. ಎಲ್ಲಿ ಇಡುತ್ತಾಳೆಂದು ಸೀರೆ ಒಯ್ಯುವ ವ್ಯಾಪಾರಿಗೂ ಈವರೆಗೆ ಗೊತ್ತಾಗಿಲ್ಲ.

ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಐದು ನಿಮಿಷ.

ಬಂದಾಗ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳ ಮುಚ್ಚಿತ್ತು. ಉಂಡೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. “ಚಿಂತಿ ಮಾಡಬ್ಯಾಡ. ಪಾಸ್ ಆಗತೈತಿ,” ಎಂದಳು. ಆ ದನಿಯಲ್ಲಿದ್ದ ಖಾತ್ರಿ ಕೇಳಿ ನನಗೇ ಬೆರಗಾಯಿತು. ತಾಯಿಯ ಆಶೀರ್ವಾದವೆಂದರೆ ಇದಪ್ಪಾ ಎಂದುಕೊಂಡು ರೈಲು ಹತ್ತಿದೆ.

ಮರುದಿನ ಬೆಳಿಗ್ಗೆ ಬೆಂಗಳೂರು. ಆ ಸಂಸ್ಥೆಯ ಕ್ಲೀನ್ ರೂಮಿಗೆ ಹೋಗುವುದೆಂದರೆ ಮಡಿಯಲ್ಲಿ ಮಡಿ. ಪೌಡರ್ ಇಲ್ಲ, ಕಾಡಿಗೆ ಇಲ್ಲ, ಹೂವು ಇಲ್ಲ. ಮೈತುಂಬ ಬಿಳಿ ಸೂಟು, ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಕಣ್ಣೆರಡು ಮಾತ್ರ ಹೊರಗೆ. ಯಾಕೆಂದರೆ ನಮ್ಮ ಕೆಲಸದಲ್ಲಿ ಒಂದು ಧೂಳಿನ ಕಣ ಬಿತ್ತೆಂದರೆ ಮನೆಯ ಮೇಲೆ ಕಪ್ಪತಗುಡ್ಡ ಬಿದ್ದಂತೆ.

ಒಳಗೆ ಹೋಗುವ ಮೊದಲು ಒಂದು ಫಾರಂ ತುಂಬಬೇಕು. ನಿಮ್ಮ ಸ್ಯಾಂಪಲ್ಲಿನಲ್ಲಿ ಯಾವ ಯಾವ ಪದಾರ್ಥಗಳಿವೆ? ತುಂಬಿದೆ. ಸಿಲಿಕಾನು, ಅದರ ಆಕ್ಸೈಡು, ಅಲ್ಯುಮಿನಿಯಂ, ಬಂಗಾರ. ಬೇರೆ ಏನಾದರೂ ಇದೆಯೇ? ಏನೂ ಇಲ್ಲ. ಸಹಿ.

ಸೂಟು ಹಾಕಿಕೊಂಡು, ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳೇ ನಿಂತು, ಚೂರನ್ನು ಅವರ ಡಬ್ಬಿಗೆ ಸಾಗಿಸಲು ನನ್ನ ಡಬ್ಬಿ ತೆರೆದೆ.

ಮೂಲೆಯಲ್ಲಿ ಹಳದಿ.

ಮೊದಲು ಬಂಗಾರ ಎಂದುಕೊಂಡೆ. ಆದರೆ ಆ ಮೂಲೆಗೆ ನಾನು ಬಂಗಾರ ಹಾಕಿರಲಿಲ್ಲ. ಮಾಸ್ಕು ಸರಿಸಿ ಮೂಸಿ ನೋಡಿದೆ. ನ್ಯಾನೋಟೆಕ್ನಾಲಜಿಯಲ್ಲಿ ಮೂಸಿ ನೋಡುವ ವಿಧಾನ ಇಲ್ಲ. ನಮ್ಮ ಅಡುಗೆಮನೆಯ ವಾಸನೆ ಬಂತು.

ಕಾರಿಡಾರಿಗೆ ಬಂದು ಫೋನ್ ಹಚ್ಚಿದೆ.

“ಅವ್ವಾ, ನೀ ಡಬ್ಬಿ ತಗದಿದ್ದೇನು?”

“ನೀ ಮುಟ್ಟಬ್ಯಾಡ ಅಂದಿದ್ದಿ. ಮುಟ್ಟಿಲ್ಲ ನಾ.”

“ಇಲ್ಲೆ ಮೂಲ್ಯಾಗ ಹಳದಿ ಐತಿ.”

“ಅದು ಅರಿಷಿಣ.”

“ಮುಟ್ಟಲಾರದ ಹೆಂಗ ಹಚ್ಚಿದಿ?”

“ಅಂಚ ಹಿಡದ ಹಚ್ಚೇನಿ. ಮೈ ಮುಟ್ಟಿಲ್ಲ. ಹೊಸಾ ಸರಕ ಹೆಂಗ ಹಿಡೀಬೇಕು ಅನ್ನೋದ ನನಗ ಹೇಳಿಕೊಡ್ತೀಯೇನು? ನಿನ್ನಕಿಂತ ಮೊದಲಿಂದ ಹಿಡಿಯಾಕತ್ತೇನಿ.”

“ನೀರಾಗ ಕಲಸಿದ್ದೇನು?”

“ಮೊದಲ ನೀರಾಗ ಕಲಸಿದೆ. ನಿಂದರವಲ್ದು, ಜಾರಾಕತ್ತು. ಭಾಳ ನುಣಪ ಮಾಡೀದಿ ಬೇ ಅದನ್ನ. ಅದಕ್ಕ ಒಂದ ಹನಿ ಎಣ್ಣಿ ಹಾಕಿದೆ.”

“ಎಣ್ಣಿ?”

“ಕುಸುಬಿ ಎಣ್ಣಿ. ಯಾಕ, ಬ್ಯಾರೆ ಹಾಕಬೇಕಾಗಿತ್ತೇನು?”

ನೀರಾಗಿದ್ದರೆ ಒಣಗಿ ಹೋಗುತ್ತಿತ್ತು. ಎಣ್ಣೆ ಎಂದರೆ ಬೇರೆ ಮಾತು. ಆ ಚಳಿಯಂತ್ರದೊಳಗೆ ಗಾಳಿಯನ್ನೆಲ್ಲ ಎಳೆದು ತೆಗೆಯುತ್ತಾರೆ. ಗಾಳಿ ಇಲ್ಲದ ಕಡೆ ಎಣ್ಣೆಯ ಬೊಟ್ಟು ಸುಮ್ಮನೆ ಕೂಡುವುದಿಲ್ಲ. ಆವಿಯಾಗಿ ಒಳಗೋಡೆಗೆಲ್ಲ ಹತ್ತುತ್ತದೆ. ಮುಂದೆ ಯಾರು ಏನು ಒಳಗೆ ಇಟ್ಟರೂ ಅದಕ್ಕೂ ಹತ್ತುತ್ತದೆ. ಅಷ್ಟು ದೊಡ್ಡ ಯಂತ್ರಕ್ಕೆ ಒಗ್ಗರಣೆ ಹಾಕಿದ ಹಾಗೆ.

ನನ್ನ ಲ್ಯಾಬಿನ ಜೊತೆಗಾರ ಇಮ್ತಿಯಾಜನಿಗೆ ಫೋನ್ ಮಾಡಿದೆ. ಶಿರಹಟ್ಟಿಯವನು. ಅವನ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ನಮ್ಮ ಲ್ಯಾಬಿನ ವ್ಯಾಕ್ಯೂಮ್ ಪಂಪ್ ಅವನೊಬ್ಬನ ಮಾತು ಕೇಳುತ್ತದೆ. ಬೇರೆ ಯಾರು ಸ್ವಿಚ್ ಹಾಕಿದರೂ ಒಂದಿಲ್ಲೊಂದು ಕಿರಿಕಿರಿ. ಹಾಗಾಗಿ ಅವನು ಬರುವ ತನಕ ಗೈಡ್ ಸಹಿತ ಪಂಪನ್ನು ಮುಟ್ಟುವುದಿಲ್ಲ. ಅವನ ಕೈಗುಣ ಚಲೋ ಎನ್ನುತ್ತಾರೆ. (ಕ್ವಾಂಟಮ್ ಇಂಜಿನಿಯರಿಂಗಿನಲ್ಲಿ ಕೈಗುಣ ಎಂದರೇನು ಎಂದು ಕೇಳಬೇಡಿ. ಯಾವ ಜರ್ನಲ್ಲಿನಲ್ಲೂ ಅಚ್ಚಾಗಿಲ್ಲ. ನಾನು ಕಂಡ ಎಲ್ಲ ಲ್ಯಾಬುಗಳಲ್ಲೂ ಇದೆ.)

“ಅಸಿಟೋನ್ ಹಾಕಿ ಒರಸಿ ಬಿಡು ಗಂಗಕ್ಕಾ,” ಎಂದ ಇಮ್ತಿಯಾಜ.

“ಒರಸಿದ್ರ ಹರಡತೈತೋ.”

“ಹರಡ್ಲಿ. ಬಣ್ಣ ಹೋದ್ರ ಸಾಕು. ಫಾರಂ ಬರದ ಕೊಟ್ಟೀಯಿಲ್ಲೋ? ಮುಗೀತು. ಯಾರಿಗ ಗೊತ್ತಾಕ್ಕೈತಿ?”

ಇಷ್ಟು ಹೇಳಿದವನ ದನಿ ಒಮ್ಮೆಲೇ ಬದಲಾಯಿತು.

“ಗಂಗಕ್ಕಾ, ಮುಂದಿನ ತಿಂಗಳ ಅದ ಮಷಿನ್ನಿಗೆ ನನ್ನ ಸ್ಯಾಂಪಲ್ ಹೋಗೋದೈತಿ.”

“ಹೌದಲ್ಲ.”

“ಅದಕ್ಕ ಕುಸುಬಿ ಎಣ್ಣಿ ಹತ್ತಬಾರದು ನೋಡು.”

ನೀತಿಶಾಸ್ತ್ರದ ದಪ್ಪ ಪುಸ್ತಕಗಳು ಹೇಳುವುದೂ ಇಷ್ಟೇ ಇರಬೇಕು. ಸುಳ್ಳು ಒಳ್ಳೆಯದು, ನಮ್ಮ ಸರದಿ ಬರುವ ತನಕ.

ಈಗ ನಾನು ಬಹಳ ಪ್ರಾಮಾಣಿಕಳು, ಆ ಕ್ಷಣವೇ ಓಡಿ ಹೋಗಿ ನಿಜ ಹೇಳಿದೆ ಎಂದು ಬರೆದರೆ ನೀವು ನಂಬಬಹುದು. ನಮ್ಮವ್ವ ನಂಬುವುದಿಲ್ಲ. ಕೋಣೆಗೆ ಮರಳಿದರೆ ಕಲೆ ತೆಗೆಯುವ ಅಸಿಟೋನಿನ ಬಾಟಲಿ ಅಲ್ಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ನಿಜ ಹೇಳದಂತೆ ನನ್ನನ್ನು ತಡೆದದ್ದು ಸ್ಲಾಟ್ ಹೋಗುವ ಭಯ ಒಂದೇ ಅಲ್ಲ. ಒಂದು ವಾಕ್ಯ. ‘ಸರ್, ನಮ್ಮವ್ವ ಇದಕ್ಕೆ ಅರಿಶಿನ ಹಚ್ಚಿದ್ದಾಳೆ.’

ಆ ಕಟ್ಟಡದಲ್ಲಿ ನಿಂತು ಆ ವಾಕ್ಯ ಹೇಳುವುದು ಹೇಗೆ? ಅಲ್ಲಿ ಓಡಾಡುತ್ತಿದ್ದವರಲ್ಲಿ ಅರ್ಧ ಜನರ ಅಪ್ಪ ಅಮ್ಮ ಡಾಕ್ಟರೇಟ್ ಆದವರು. ಅವರ ಸ್ಯಾಂಪಲ್ ಕೆಟ್ಟರೆ ‘ಎಕ್ಸ್‌ಪೆರಿಮೆಂಟ್ ಫೇಲ್ ಆಯಿತು’ ಎನ್ನುತ್ತಾರೆ. ನನ್ನದು ಕೆಟ್ಟರೆ ‘ಎಲ್ಲಿಂದ ಬರುತ್ತಾರೋ ಇಂಥವರು’ ಎನ್ನುತ್ತಾರೆ. ಎಲ್ಲಿಂದ ಬಂದೆ ಎನ್ನುವುದಕ್ಕೆ ಪುರಾವೆಯಾಗಿ ಮೂಲೆಯಲ್ಲಿ ಹಳದಿ ಬೊಟ್ಟು ಬೇರೆ.

ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಅಲ್ಲ, ನಾನು ಒರೆಸಲು ಹೊರಟಿದ್ದು ಎಣ್ಣೆಯನ್ನೋ, ಬೆಟಗೇರಿಯನ್ನೋ?

ಬಾಟಲಿ ಕೆಳಗಿಟ್ಟೆ. ಫಾರಂ ವಾಪಸು ಇಸಿದುಕೊಂಡೆ. ‘ಏನೂ ಇಲ್ಲ’ ಎನ್ನುವುದನ್ನು ಹೊಡೆದು ಹಾಕಿ ‘ಟರ್ಮರಿಕ್’ ಎಂದು ಬರೆದೆ. ಕುಸುಬಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಫೋನಿನಲ್ಲಿ ಹುಡುಕಿ ಅದನ್ನೂ ಬರೆದೆ. ಪ್ರಮಾಣ: ಒಂದು ಬೊಟ್ಟು.

ಯಂತ್ರದ ಉಸ್ತುವಾರಿ ಇದ್ದದ್ದು ಒಬ್ಬ ಹಿರಿಯ ಟೆಕ್ನಿಕಲ್ ಆಫೀಸರ್ ಕೈಯಲ್ಲಿ. ಮೈಸೂರು ಕಡೆಯ ಮಾತು. ಅವರು ನಕ್ಕಿದ್ದನ್ನು ನೋಡಿದವರಿಲ್ಲ ಎಂದು ಇಮ್ತಿಯಾಜ ಮೊದಲೇ ಹೇಳಿದ್ದ. ಫಾರಂ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಏನ್ರೀ ಇದು, ಟರ್ಮರಿಕ್?”

“ಅರಿಶಿನ ಸರ್.”

“ಅದು ಗೊತ್ತು. ಯಾವ ಪ್ರೋಸೆಸ್ಸಲ್ಲಿ ಹಾಕಿದ್ದು?”

“ಬೆರಳಿಂದ ಸರ್.”

“ಎಷ್ಟು ದಪ್ಪ ಇದೆ ಲೇಯರ್ರು?”

“ಅಳೆದಿಲ್ಲ ಸರ್.”

“ಯಾರು ಹಾಕಿದ್ದು?”

“ನಮ್ಮ ತಾಯಿ.”

ಬರೆದುಕೊಂಡರು. ದೇವರಾಣೆ, ‘ತಾಯಿ’ ಎಂದು ಬರೆದುಕೊಂಡರು.

“ಇದನ್ನ ಹೀಗೇ ಒಳಗೆ ಬಿಡಕ್ಕಾಗಲ್ಲ.”

“ಗೊತ್ತು ಸರ್.”

“ಗೊತ್ತಿದ್ದೂ ಬರೆದ್ರಾ?”

“ಹೌದು ಸರ್.”

ಚೂರನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾನು ಸೂಟಿನೊಳಗೆ ಬೆವರುತ್ತ ನಿಂತೆ. ಆರು ವರ್ಷದ ಓದು ಆ ಮನುಷ್ಯನ ಬಗ್ಗಿದ ಬೆನ್ನಿನ ಮೇಲೆ ನಿಂತಿತ್ತು.

“ಬೊಟ್ಟು ಅಂಚಿಂದ ಒಳಗೆ ಬಂದಿಲ್ಲ,” ಎಂದರು ಕಣ್ಣು ಎತ್ತದೆ. “ಒಂದೇ ಸಲ ಇಟ್ಟಿದ್ದಾರೆ. ಎಳೆದಿಲ್ಲ, ಉಜ್ಜಿಲ್ಲ. ಮೇಲೆ ಎಲ್ಲೂ ಬೆರಳಿನ ಗುರುತಿಲ್ಲ. ಏನು ಮಾಡ್ತಾರೆ ನಿಮ್ಮ ತಾಯಿ?”

“ಕಂಡಿಕೆ ಸುತ್ತತಾರ ಸರ್. ನೇಕಾರರು ನಾವು.”

“ಹ್ಞೂಂ. ಟ್ವೀಜರ್ ಕೊಟ್ರೂ ನಮ್ಮ ಸ್ಟೂಡೆಂಟ್ಸು ಇಷ್ಟು ನೀಟಾಗಿ ಹಿಡಿಯಲ್ಲ.”

ನನ್ನ ಎದೆ ಉಬ್ಬಿತು. ಬಿಳಿ ಸೂಟಿನಲ್ಲಿ ಅದು ಹೊರಗೆ ಕಾಣುವುದಿಲ್ಲ, ಪುಣ್ಯ.

“ಆದ್ರೆ ಈ ಕಡೆ ಏಳನೇ ಡಿವೈಸ್ ಮೇಲೆ ಉದ್ದಕ್ಕೆ ಒಂದು ಗೀರಿದೆ. ಇದೂ ನಿಮ್ಮ ತಾಯೀದೇನಾ?”

“ಅಲ್ಲ ಸರ್. ಅದು ನಂದು. ಟ್ವೀಜರ್ ಜಾರಿತ್ತು.”

“ಹಾಗನ್ನಿ,” ಎಂದರು. ಮುಖದಲ್ಲಿ ಏನೋ ಅಲುಗಾಡಿದಂತಾಯಿತು. ನಗು ಎಂದು ಪ್ರಮಾಣ ಮಾಡಲಾರೆ.

ಆಮೇಲೆ ದಾರಿ ಅವರೇ ಹೇಳಿದರು. ಮೂಲೆಯನ್ನು ಮುರಿದು ತೆಗೆಯುವುದು. ಬೊಟ್ಟಿನ ಸಂಗಡ ನಾಲ್ಕು ಟ್ರಾನ್ಸಿಸ್ಟರ್ ಹೋಗುತ್ತವೆ, ಉಳಿದದ್ದು ಶುದ್ಧ. ಸಿಲಿಕಾನು ಹರಳು. ಹರಳಿಗೆ ತನ್ನದೇ ಸಾಲುಗಳಿರುತ್ತವೆ. ಅಂಗಡಿಯಲ್ಲಿ ಥಾನಿನ ಬಟ್ಟೆಗೆ ಕತ್ತರಿಯಿಂದ ಅಂಚಿಗೆ ಸಣ್ಣ ಗಾಯ ಮಾಡಿ ಪರ್ರನೆ ಹರಿಯುತ್ತಾರಲ್ಲ, ಹಾಗೆ. ವಜ್ರದ ಮೊನೆಯಿಂದ ಅಂಚಿಗೆ ಒಂದು ಗೀರು ಹಾಕಿ ಒತ್ತಿದರೆ ಸಾಲು ಹಿಡಿದು ನೆಟ್ಟಗೆ ಸೀಳುತ್ತದೆ. ಸೀಳಿದರೆ. ಸೀಳದಿದ್ದರೆ ಹಂಚು ಒಡೆದ ಹಾಗೆ ಚೂರು ಚೂರು.

“ನೀವು ಮಾಡ್ತೀರೋ, ನಾನು ಮಾಡ್ಲೋ?”

“ನೀವೇ ಮಾಡ್ರಿ ಸರ್. ನಿಮ್ಮ ಕೈಗುಣ...” ಎಂದು ನಾಲಿಗೆ ಕಚ್ಚಿಕೊಂಡೆ.

ಅವರು ಗೀರು ಹಾಕಿದರು. ಬೆರಳಿಟ್ಟು ಒತ್ತಿದರು. ನಾನು ಕಣ್ಣು ಮುಚ್ಚಿದೆ. ಟಕ್ ಎಂದಿತು. ಒಂದೇ ಸಲ ಎಂದಿತು. ಕಣ್ಣು ತೆರೆದರೆ ಹಳದಿ ಮೂಲೆ ಬೇರೆ, ನನ್ನ ಪಿಎಚ್.ಡಿ. ಬೇರೆ.

ಲೆಕ್ಕ ಹೇಳುತ್ತೇನೆ. ಅವ್ವನ ಅರಿಶಿನಕ್ಕೆ ನಾಲ್ಕು, ನನ್ನ ಟ್ವೀಜರಿಗೆ ಒಂದು. ಉಳಿದವು ಹನ್ನೊಂದು. ತೊಳೆದು, ತಂತಿ ಕೂಡಿಸಿ, ಒಳಗಿಟ್ಟು, ಯಂತ್ರ ತಣ್ಣಗಾಗುವ ತನಕ ಕಾದು, ಮರುದಿನ ಅಳೆದಾಗ ಹನ್ನೊಂದರಲ್ಲಿ ಎಂಟು ಬದುಕಿದ್ದವು. ಪರದೆಯ ಮೇಲೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಒಂದೊಂದು ಮೆಟ್ಟಿಲೂ ಒಂದೊಂದು ಇಲೆಕ್ಟ್ರಾನು. ನೂಕಾಟವಿಲ್ಲ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲ, ಪಾಳಿಯಂತೆ ಒಂದಾದ ಮೇಲೆ ಒಂದು. ಮಾಸ್ಕು ಇದ್ದದ್ದು ಒಳ್ಳೆಯದಾಯಿತು. ಮೂಗು ಒರೆಸಿಕೊಂಡಿದ್ದು ಯಾರಿಗೂ ಕಾಣಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಅಷ್ಟು ದೊಡ್ಡ ಸಂಸ್ಥೆಗೆ ನಿಜ ಹೇಳಿದ ಮೇಲೆ ಅವ್ವನಿಗೆ ಸುಳ್ಳು ಹೇಳುವುದೇ?

“ಪಾಸ್ ಆತು ಅವ್ವಾ.”

“ನಾ ಹೇಳಿದ್ದಿಲ್ಲೇನು?”

“ಆದ್ರ ನೀ ಅರಿಷಿಣ ಹಚ್ಚಿದ ಮೂಲಿ ಮುರದ ತಗದ್ರು. ಅದರಾಗ ನಾಕ ಹೋದುವು.”

ಆ ಕಡೆ ಮಗ್ಗದ ಲಾಳಿಯ ಸಪ್ಪಳ ಮಾತ್ರ. ಅವ್ವನಿಗೆ ನೋವಾಯಿತೇನೋ ಎಂದು ನನಗೆ ಕಸಿವಿಸಿಯಾಯಿತು.

“ಮುರದ್ರು?” ಎಂದಳು ಕಡೆಗೆ.

“ಹೌದವ್ವಾ.”

“ಚಲೋ ಆತು. ಕಣ್ಣ ಬಿದ್ದದ್ದೆಲ್ಲಾ ಆ ಮೂಲಿಗೇ ಹೋತು. ಅದಕ್ಕ ಉಳದದ್ದು ಪಾಸಾತು. ಅದಕ್ಕ ಹಚ್ಚೂದು ಬೇ ಅದನ್ನ.”

ಇದು ಸುಳ್ಳು ಎಂದು ತೋರಿಸಬೇಕಾದರೆ ಅರಿಶಿನ ಹಚ್ಚದ ಇನ್ನೊಂದು ಚೂರು ಬೇಕು, ಅದನ್ನೂ ಅಳೆದು ಹೋಲಿಸಬೇಕು. ನನ್ನ ಹತ್ತಿರ ಇರಲಿಲ್ಲ. ಇದ್ದರೂ ಅವ್ವ ಬಿಡುತ್ತಿರಲಿಲ್ಲ.

ಗೈಡ್‌ಗೂ ಎಲ್ಲ ಹೇಳಿದೆ. ಇಂಗ್ಲಿಷ್ ಬರುತ್ತದೋ ಕನ್ನಡ ಬರುತ್ತದೋ ಎಂದು ಕಾದೆ. ಕನ್ನಡ ಬಂತು. ಡಬ್ಬಿ ತೆರೆದದ್ದಕ್ಕೆ ಬಂದ ಆ ಕನ್ನಡವನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಅದು ಮುಗಿದ ಮೇಲೆ ಥೀಸಿಸ್ಸಿನ ಮಾತು ಬಂತು. ಹದಿನಾರು ಮಾಡಿ ಹನ್ನೊಂದನ್ನು ಅಳೆದದ್ದು ಯಾಕೆ ಎಂದು ಬರೆಯಬೇಕಲ್ಲ.

“ಆರ್ಗ್ಯಾನಿಕ್ ಕಂಟ್ಯಾಮಿನೇಶನ್ ಅಂತ ಬರಿ.”

“ನಮ್ಮವ್ವನ ಅರಿಷಿಣಕ್ಕ ಹೊಲಸು ಅಂತ ನಾ ಬರಿಯಂಗಿಲ್ರಿ ಸರ್.”

“ಮತ್ತ ಏನಂತ ಬರೀತಿ?”

“ಅರಿಷಿಣ ಅಂತ.”

“ಎಕ್ಸಾಮಿನರ್ ನಗತಾನ.”

“ಗೀರು ನನ್ನ ಟ್ವೀಜರಿಂದ ಆತು ಅಂತನೂ ಬರೀತೀನ್ರಿ. ಎರಡಕ್ಕೂ ಕೂಡೇ ನಗಲಿ.”

“ಅಡಿಟಿಪ್ಪಣಿಗೆ ಹಾಕು,” ಎಂದರು. ಹಾಕಿದ್ದೇನೆ. ನಾಲ್ಕನೇ ಅಧ್ಯಾಯ, ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಅರಿಶಿನ, ಕುಸುಬಿ ಎಣ್ಣೆ, ಗೀರು. ಒಂದೂ ಬಿಟ್ಟಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಇಮ್ತಿಯಾಜ ತನ್ನ ಸ್ಯಾಂಪಲ್ ಹಿಡಿದುಕೊಂಡು ಅದೇ ಸಂಸ್ಥೆಗೆ ಹೋಗಿದ್ದ. ಅಲ್ಲಿಂದ ಫೋನ್ ಮಾಡಿದ.

“ಗಂಗಕ್ಕಾ, ನಿನ್ನ ಸಲುವಾಗಿ ಫಾರಂ ಬದಲಾಗೇತಿ. ಹೊಸಾ ಸಾಲ ಬಂದೈತಿ ಒಂದು. ಮನಿಯಾಗಾಗಲಿ ದೇವರ ಮುಂದಾಗಲಿ ಸ್ಯಾಂಪಲ್ಲಿಗೆ ಏನರ ಹಚ್ಚೀರೇನು, ಹೌದು ಅಥವಾ ಇಲ್ಲ.”

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಇನ್ನು ಮುಂದೆ ಬರುವ ಪ್ರತಿಯೊಬ್ಬರೂ ಆ ಸಾಲು ಓದಿ, ಯಾರು ಆ ಪುಣ್ಯಾತ್ಮರು ಎಂದು ಕೇಳುತ್ತಾರಲ್ಲ.

“ಪೂರ್ತಿ ಕೇಳು ಮೊದಲ,” ಎಂದ ಇಮ್ತಿಯಾಜ. “ಆ ಸಾಲ ಹಾಕಿದ ಮ್ಯಾಲ ನಾಕ ಮಂದಿ ಹೌದು ಅಂತ ಬರದಾರಂತ. ಆ ಮಷಿನ್ ಸಾಹೇಬ್ರ ಹೇಳಿದ್ರು. ಒಬ್ಬರದು ವಿಭೂತಿ. ಒಬ್ಬರದು ಗಂಧ. ಒಬ್ಬರ ಮನ್ಯಾಗ ತೀರ್ಥ ಸಿಂಪಡಿಸ್ಯಾರ. ನಾಕನೇದವರು ಪ್ರೊಫೆಸರ್ ಅಂತ, ಅವರಪ್ಪನೂ ಪ್ರೊಫೆಸರ್ ಅಂತ. ನಿಂಬಿಹಣ್ಣ ನಿವಾಳಿಸಿ ಇಳಿ ತಗದಾರ.”

“ಹೌದಾ? ನೀ ಏನ ಬರದಿ?”

“ಹೌದು ಅಂತ ಬರದೆ. ನಮ್ಮ ಅಮ್ಮಿ ದುವಾ ಓದಿ ಡಬ್ಬಿ ಮ್ಯಾಲ ಊದಿದ್ರು. ಪದಾರ್ಥ ಯಾವುದು ಅಂತ ಕೇಳೈತಿ ಫಾರಮ್ಮಿನ್ಯಾಗ. ಉಸರು ಅಂತ ಬರದೆ.”

“ಸಾಹೇಬ್ರ ಏನಂದ್ರು?”

“ಡಬ್ಬಿ ಮುಚ್ಚಿತ್ತೋ ತೆರದಿತ್ತೋ ಅಂದ್ರು. ಮುಚ್ಚಿತ್ತು ಅಂದೆ. ಒಳಗ ಬಿಟ್ರು.”

ಫೋನ್ ಇಟ್ಟ ಮೇಲಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ನನಗಿಂತ ಮೊದಲು ಇಷ್ಟು ವರ್ಷ ‘ಬೇರೆ ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿ ಒಳಗೆ ಹೋದವರ ಅವ್ವಂದಿರೆಲ್ಲ ಮನೆಯಲ್ಲಿ ಕೈಕಟ್ಟಿಕೊಂಡು ಸುಮ್ಮನೆ ಕೂತಿದ್ದರೇನು?